ಮನೆಯಿಲ್ಲದ ನಲವತ್ತು ಜನ

ಹಾಲಮ್ಮನವರು ಮೊದಲ ಸಲ ತಂದುಕೊಟ್ಟ ಸೂಚನಾಪತ್ರದಲ್ಲಿ ಇದ್ದದ್ದು ಒಂದೇ ಸಾಲು: ‘ಯಾರಿಗೆ ಹೆಂಗೆ ಹೇಳಬೇಕೋ ಹಂಗೆ ಹೇಳು.’ ಕಚೇರಿಯ ನಿಯಮದಂತೆ ನಾನು ಅದನ್ನು ಹತ್ತು ಪ್ರಶ್ನೆಗಳಿಗೆ ಒಡ್ಡಿ ನೋಡಿ ಎರಡು ಅಂಕ ಕೊಟ್ಟೆ. ಎರಡನೆಯ ಸಲ ಅವರು ನಲವತ್ತೊಂದು ಪುಟ ಬರೆದುಕೊಂಡು ಬಂದರು. ಅದರಲ್ಲಿ ಬಣ್ಣಗಾರರ ಓಣಿಯ ಪ್ರತಿಯೊಬ್ಬರ ಕಾಯಿಲೆ, ಕೋಪ, ತವರುಮನೆ, ಯಾರ ಮದುವೆಯಲ್ಲಿ ಯಾರನ್ನು ಊಟಕ್ಕೆ ಕರೆಯಲಿಲ್ಲ ಎಂಬುದೆಲ್ಲ ಇತ್ತು. ನಾನು ಕೂತು ಓದಿದೆ, ಕಾದಂಬರಿ ಓದಿದ ಹಾಗೆ. ಹರಿಕಾರ ಮಾತ್ರ ಅದರೊಳಗೆ ದಾರಿ ತಪ್ಪಿದ. ಮೇಕೆ ಕಳೆದುಹೋಗಿದೆ ಎಂದು ಓಣಿಗೆ ತಿಳಿಸು ಎಂದರೆ, ಮೇಕೆಯ ಒಡತಿಯ ನಾದಿನಿಯ ಸೊಂಟನೋವಿನ ಬಗ್ಗೆ ವಿಚಾರಿಸಿ ಸುಮ್ಮನಾದ. ನಾಲ್ಕು ಅಂಕ.

ಹರಿಕಾರ ಅಂದರೆ ಮನುಷ್ಯನಲ್ಲ, ಫೋನಿನೊಳಗೆ ಕೆಲಸ ಮಾಡುವ ಯಂತ್ರಬುದ್ಧಿ. ಅವನು ಯಾಕೆ ಬೇಕಾದ ಎನ್ನುವುದಕ್ಕೆ ನಮ್ಮ ಊರಿನ ರೀತಿ ಹೇಳಬೇಕು. ಇಲ್ಲಿ, ಊರ ಗಡಿಯ ಕಲ್ಲಿನೊಳಗೆ, ಮನುಷ್ಯರ ಮಾತು ಸೂರಿನ ಕೆಳಗಷ್ಟೇ ಕೇಳಿಸುತ್ತದೆ, ಹೊಸ್ತಿಲು ದಾಟುವುದಿಲ್ಲ. ನಾಯಿ ಬೊಗಳುವುದು, ಬಸ್ಸಿನ ಹಾರನ್ನು, ಬಣ್ಣಗಾರರು ನೂಲಿನ ಲಡಿಗಳನ್ನು ಕಲ್ಲಿಗೆ ಬಡಿಯುವ ಸದ್ದು ಎಲ್ಲ ಬೀದಿಯಲ್ಲಿ ಇದ್ದೇ ಇವೆ. ಮನುಷ್ಯ ಬಾಯಿ ತೆರೆದರೆ ಮಾತ್ರ ಏನೂ ಇಲ್ಲ. ತರಕಾರಿಯವಳು ಬುಟ್ಟಿ ಹೊತ್ತು ಪಡಸಾಲೆಗೆ ಬಂದೇ ಬೆಲೆ ಹೇಳುತ್ತಾಳೆ. ಬೀದಿಯಲ್ಲಿ ಜಗಳ ಹತ್ತಿದರೆ ಇಬ್ಬರೂ ಸನ್ನೆ ಮಾಡಿಕೊಂಡು ಹತ್ತಿರದ ಯಾವುದಾದರೂ ಮನೆಗೆ ನುಗ್ಗಿ ಬೈದಾಡುತ್ತಾರೆ, ಆ ಮನೆಯವರು ಇಬ್ಬರಿಗೂ ಮಜ್ಜಿಗೆ ಕೊಡುತ್ತಾರೆ. ಕೊಡೆ ಸೂರಲ್ಲ ಎಂಬುದು ಅಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿದೆ, ಆದರೂ ಪ್ರೀತಿ ಮಾಡುವವರು ಪ್ರಯತ್ನ ಬಿಟ್ಟಿಲ್ಲ. ಫೋನಿನಲ್ಲಿ ಕರೆ ಮಾಡಿದರೂ ಅಷ್ಟೇ, ದನಿ ಹೋಗುವುದಿಲ್ಲ. ಹಾಗಾಗಿ ಪ್ರತಿ ಓಣಿಗೂ ಫೋನಿನಲ್ಲಿ ಒಂದು ಗುಂಪಿದೆ. ನೀರು ಬರುತ್ತದೋ ಇಲ್ಲವೋ, ಚರಂಡಿ ಯಾವತ್ತು ಬಳಿಯುವುದು, ಯಾರ ಮೇಕೆ ಯಾರ ಹಿತ್ತಿಲಲ್ಲಿದೆ, ಎಲ್ಲ ಅಲ್ಲೇ ಬರೆದು ತಿಳಿಸಬೇಕು. ಆ ಗುಂಪನ್ನು ನೋಡಿಕೊಳ್ಳಲು ಪ್ರತಿ ಓಣಿಗೂ ಒಬ್ಬರು ಇರಲೇಬೇಕು. ಅದು ಮನುಷ್ಯರಾದರೂ ಆಯಿತು, ನಮ್ಮ ಕಚೇರಿಯ ಪರೀಕ್ಷೆ ಪಾಸಾದ ಸೂಚನಾಪತ್ರ ಓದಿಕೊಂಡ ಹರಿಕಾರನಾದರೂ ಆಯಿತು. ಪಾಸಾಗಲು ಹತ್ತಕ್ಕೆ ಏಳು ಬೇಕು. ವರ್ಷಕ್ಕೆ ಮೂರೇ ಅವಕಾಶ.

ಬಣ್ಣಗಾರರ ಓಣಿಯ ಗುಂಪನ್ನು ಹಾಲಮ್ಮನವರು ಹತ್ತೊಂಬತ್ತು ವರ್ಷ ಒಂದು ದಿನವೂ ಬಿಡದೆ ಕೈಯಾರೆ ನಡೆಸಿದ್ದರು. ಅವರ ಫೋನಿನ ಗಾಜಿನ ಅಂಚಿಗೆಲ್ಲ ನೀಲಿ ಹತ್ತಿತ್ತು. ಈಗ ಅವರ ಮಗಳು ದಾಕ್ಷಾಯಣಿಗೆ ತುಂಬು ತಿಂಗಳು. ಮದುವೆಯಾಗಿ ಹೋಗಿದ್ದು ಘಟ್ಟದಾಚೆಯ ಊರಿಗೆ, ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅವಳು ಬರುವಂತಿರಲಿಲ್ಲ, ಇವರೇ ಹೋಗಬೇಕಿತ್ತು. ಹರಿಕಾರ ಪಾಸಾಗದೆ ಓಣಿ ಬಿಡುವಂತಿರಲಿಲ್ಲ.

ಮೂರನೆಯ ಪತ್ರ ತಂದ ದಿನ ಅವರು ಕಚೇರಿಯ ಬಾಗಿಲು ದಾಟುವ ಮೊದಲೇ ಬಾಯಿ ಆಡಿಸುತ್ತಿದ್ದರು. ಒಳಗೆ ಕಾಲಿಟ್ಟಾಗ ಮಾತು ನಡುವಿನಿಂದ ಕೇಳಿಸಿತು.

“...ಅಂತ ಹೇಳ್ದೆ ಅವ್ಳಿಗೆ. ಸೋಮವಾರದ ಬಸ್ಸಿಗೆ ಬರ್ತೀನಿ ಕಣೆ ಅಂತ. ಬರ್ದು ಕಳ್ಸಿದೀನಿ. ಇನ್ನು ನೀನುಂಟು ನಿನ್ನ ಹರಿಕಾರ ಉಂಟು, ತಂಗಿ.”

“ಹಾಲಮ್ಮಾರೇ, ಪಾಸಾಗೋಕ್ ಮುಂಚೆನೇ ಹಂಗ್ ಬರ್ದು ಕಳ್ಸಿದ್ರೆ ಹೆಂಗೆ?”

“ಮತ್ತೇನ್ ಬರೀಲಿ? ಹೊಟ್ಟೇಲಿರೋ ಕೂಸಿಗೆ ಸ್ವಲ್ಪ ತಡಿಯವ್ವ, ನಿಮ್ಮಜ್ಜಿ ಪರೀಕ್ಷೆಗೆ ಕೂತವ್ಳೆ ಅಂತ ಬರೀಲಾ?”

ಈ ಸಲದ ಪತ್ರ ಒಂದೇ ಹಾಳೆ. ಮೇಲುಭಾಗದಲ್ಲಿ ಆರು ಸಾಲು. ಓಣಿಗೆಲ್ಲ ಬೇಕಾದ್ದನ್ನು ಗುಂಪಿನಲ್ಲಿ ಹಾಕು. ಒಬ್ಬರ ಎದೆಗೆ ತಾಗುವಂಥದ್ದನ್ನು ಹಾಕಬೇಡ, ಅದು ಒಳಗೆ ಹೋಗಿ ಹೇಳುವ ಮಾತು. ಯಾರು ಹೋಗಬೇಕು ಎಂದು ಕೆಳಗೆ ಬರೆದಿದೆ, ಅವರನ್ನು ಕೇಳು. ಹೋದೆ ಎಂದು ಅವರು ಬರೆಯುವವರೆಗೆ ಬಿಡಬೇಡ. ಮಾತು ಬಿಟ್ಟವರಾದರೆ ಇನ್ನೊಂದು ಸಲ ಕೇಳು, ಇಂಥ ದಿನ ಹೋಗುತ್ತಾರೆ. ಗೊತ್ತಾಗದಿದ್ದರೆ ಸುಮ್ಮನಿದ್ದು ಯಾರನ್ನಾದರೂ ಕೇಳು. ಅದರ ಕೆಳಗೆ ಯಾರ ಮನೆಗೆ ಯಾರು ಎಂದು ಎರಡು ಪಟ್ಟಿಯಾಗಿ ಹೆಸರುಗಳು.

ಓದಿದಾಗ ನನಗೆ ಪೇಟೆ ಓಣಿಯ ಆ ಹುಡುಗಿ ನೆನಪಾದಳು. ಪೇಟೆ ಓಣಿಯ ಹರಿಕಾರ ಹತ್ತಕ್ಕೆ ಹತ್ತು ತೆಗೆದವನು, ನಮ್ಮ ಕಚೇರಿಯ ಹೆಮ್ಮೆ. ಹಿಂದಿನ ವರ್ಷ ಒಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವನು ಸುದ್ದಿ ಸಿಕ್ಕ ಅರೆಗಳಿಗೆಯಲ್ಲಿ, ಒಂದಕ್ಷರ ತಪ್ಪಿಲ್ಲದೆ, ಮುನ್ನೂರು ಜನಕ್ಕೆ ತಿಳಿಸಿದ. ತೀರಿಕೊಂಡವರ ಮಗಳು ಆಗ ಬೆಲ್ಲದ ಅಂಗಡಿಯ ಮುಂದೆ ರಸ್ತೆಯಲ್ಲಿ ನಿಂತಿದ್ದಳು. ಫೋನು ನೋಡಿದಳು. ಬಾಯಿ ತೆರೆದಳು. ಬೀದಿಯಲ್ಲವೇ, ಏನೂ ಕೇಳಿಸಲಿಲ್ಲ. ಅಂಗಡಿಯಲ್ಲಿದ್ದ ನಾವೆಲ್ಲ ಅವಳನ್ನು ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಅವಳ ಅಳು ಅರ್ಧ ಮುಗಿದುಹೋಗಿತ್ತು.

ನಮ್ಮ ಪರೀಕ್ಷೆ ನಡೆಯುವುದು ನಿಜವಾದ ಓಣಿಯಲ್ಲಲ್ಲ. ಅದಕ್ಕೆಂದೇ ಕಚೇರಿಯಲ್ಲಿ ಒಂದು ಸುಳ್ಳೋಣಿ ಇದೆ. ನಲವತ್ತು ಜನ, ಎಲ್ಲರೂ ಯಂತ್ರಬುದ್ಧಿಯವರೇ, ನಾವು ಬರೆದುಕೊಟ್ಟ ನಾಲ್ಕೈದು ಸಾಲಿನಂತೆ ನಡೆದುಕೊಳ್ಳುತ್ತಾರೆ. ಅವರನ್ನು ಮೂರು ವರ್ಷದ ಹಿಂದೆ ಬರೆದವಳು ನಾನೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಹಳ ಉತ್ಸಾಹದಲ್ಲಿ. ಪತ್ರದಲ್ಲಿರುವ ನಿಜವಾದ ಹೆಸರುಗಳನ್ನು ತೆಗೆದು ಸುಳ್ಳೋಣಿಯ ಹೆಸರುಗಳನ್ನು ಹಾಕಿ, ಪತ್ರವನ್ನು ಹರಿಕಾರನಿಗೆ ಕೊಟ್ಟು, ಒಂದೊಂದೇ ಕೆಲಸ ಹೇಳಿ, ಕೆಲಸ ಆಯಿತೇ ಇಲ್ಲವೇ ಎಂದು ಗುರುತು ಹಾಕುವುದು. ಹಾಗೆ ಮಾಡಿದೆ. ಹಾಲಮ್ಮನವರ ಮೂರನೆಯ ಪತ್ರಕ್ಕೆ ಮೂರು ಅಂಕ ಬಂತು.

ಮುಖ್ಯ ಪರೀಕ್ಷಕ ರುದ್ರೇಶಪ್ಪನವರು ‘ಅನುತ್ತೀರ್ಣ’ ಎಂಬ ಮೊಹರನ್ನು ಊದಿ ಒರೆಸಿ ತಯಾರು ಮಾಡಿಕೊಂಡರು. ಅವರಿಗೆ ಮೊಹರು ವಕ್ರವಾಗಿ ಬೀಳಬಾರದು.

“ಒಂದ್ನಿಮಿಷ ಸರ್,” ಅಂದೆ. “ನಡೆದಿದ್ದೆಲ್ಲ ಒಂದ್ಸಲ ಓದ್ತೀನಿ.”

“ಅಂಕ ಬಂದ್ಮೇಲೆ ಓದೋದೇನು? ಮೂರು ಅಂದ್ರೆ ಮೂರು. ಊಟ ಆದ್ಮೇಲೆ ಅಕ್ಕಿ ಆರಿಸ್ತಾರೇನ್ರಿ?”

ಆದರೂ ಓದಿದೆ. ನಾಲ್ಕನೆಯ ಪ್ರಶ್ನೆ: ರತ್ನಮ್ಮನ ತಮ್ಮನಿಗೆ ಅಪಘಾತವಾಗಿದೆ, ತಿಳಿಸು. ಹರಿಕಾರ ಗುಂಪಿನಲ್ಲಿ ಏನೂ ಹಾಕಿರಲಿಲ್ಲ. ಪತ್ರದ ಪಟ್ಟಿ ನೋಡಿ ಗೋವಿಂದ ಎಂಬವನಿಗೆ ಒಬ್ಬನಿಗೇ ಬರೆದಿದ್ದ: ‘ರತ್ನಮ್ಮನವರ ಮನೆಗೆ ಒಂದು ಮಾತು ಹೇಳುವುದಿದೆ, ಹೋಗಲು ಆಗುತ್ತದೆಯೇ?’ ಗೋವಿಂದ ‘ಸರಿ, ಧನ್ಯವಾದ’ ಎಂದಿದ್ದ. ‘ಹೋದಿರಾ?’ ‘ಸರಿ, ಧನ್ಯವಾದ.’ ‘ಬಾಗಿಲು ತೆರೆದಿದೆಯೇ?’ ‘ಸರಿ, ಧನ್ಯವಾದ.’ ಹರಿಕಾರ ಹನ್ನೊಂದು ಸಲ ಕೇಳಿದ್ದ. ಸಮಯ ಮುಗಿದಿತ್ತು. ಕೆಲಸ ಆಗಿಲ್ಲ ಎಂದು ನಾನೇ ಗುರುತು ಹಾಕಿದ್ದೆ. ಅಂಕ ಹೋದ ಏಳು ಪ್ರಶ್ನೆಗಳಲ್ಲೂ ಇದೇ ಕಥೆ.

ಗೋವಿಂದನ ಬಗ್ಗೆ ನಾನು ಬರೆದದ್ದನ್ನು ತೆಗೆದು ನೋಡಿದೆ. ಹೆಸರು, ವಯಸ್ಸು ಮೂವತ್ತೆರಡು, ಬೇಗ ಉತ್ತರಿಸುತ್ತಾನೆ, ವಿನಯವಂತ. ರತ್ನಮ್ಮ, ಐವತ್ತು, ಉದ್ದುದ್ದ ಬರೆಯುತ್ತಾಳೆ. ನಲವತ್ತು ಜನರನ್ನೂ ನೋಡಿದೆ. ಮಾತೆಲ್ಲ ಮನೆಯೊಳಗೇ ನಡೆಯುವ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು, ಒಬ್ಬರಿಗೂ ಮನೆ ಕೊಟ್ಟಿರಲಿಲ್ಲ. ಪಾಪ ಗೋವಿಂದ ಎಲ್ಲಿಂದ ಎದ್ದು ಎಲ್ಲಿಗೆ ಹೋಗಬೇಕಿತ್ತು? ಹೋಗಲು ಅವನಿಗೆ ಬೀದಿಯೂ ಇರಲಿಲ್ಲ, ತಟ್ಟಲು ಬಾಗಿಲೂ ಇರಲಿಲ್ಲ.

“ತಪ್ಪು ನಂದು ಸರ್,” ಎಂದು ಎಲ್ಲವನ್ನೂ ಅವರ ಮುಂದಿಟ್ಟೆ. “ಫೇಲಾಗಿದ್ದು ಪತ್ರ ಅಲ್ಲ, ನಮ್ಮ ಸುಳ್ಳೋಣಿ.”

ರುದ್ರೇಶಪ್ಪನವರು ಕನ್ನಡಕ ತೆಗೆದರು. “ಹಂಗಾದ್ರೆ ಹಾಲಮ್ಮಾರನ್ನೇ ಕರ್ಸಿ ಮನೆ ಕಟ್ಸಿಬಿಡೋಣ ಅಂತೀರೇನೋ?”

“ಅವ್ರಿಗೆ ಗೊತ್ತಿರೋಷ್ಟು...”

“ಪರೀಕ್ಷೆಗೆ ಕೂತೋರ್ ಕೈಗೇ ಪ್ರಶ್ನೆಪತ್ರಿಕೆ ಬರಿಯೋಕ್ ಕೊಟ್ರೆ ಅದು ಪರೀಕ್ಷೆ ಅಲ್ಲ ಶರ್ವಾಣಿ, ಮದ್ವೆ ಮನೆ. ಬೇಡ.”

ಅವರು ಹೇಳಿದ್ದು ಸರಿಯಾಗಿತ್ತು, ಅದೇ ಕಷ್ಟ. ಹಾಲಮ್ಮನವರ ಓಣಿಯಂತೆಯೇ ಸುಳ್ಳೋಣಿಯನ್ನು ಕಟ್ಟಿದರೆ ಅವರ ಪತ್ರ ಗೆಲ್ಲುವುದು ಅಳತೆ ಕೊಟ್ಟು ಹೊಲಿಸಿದ ಅಂಗಿ ಮೈಗೆ ಸರಿಹೋದಂತೆ. “ನಾನೂ ನೀವೂ ಬರೆಯೋಣ ಸರ್. ನಮ್ ನಮ್ ಓಣಿ ನೋಡ್ಕೊಂಡು. ಪಾಸಾದೋರನ್ನೂ ಇದೇ ಓಣೀಲಿ ಇನ್ನೊಂದ್ಸಲ ಓಡ್ಸೋಣ. ಎಲ್ರಿಗೂ ಒಂದೇ ತಕ್ಕಡಿ.”

ಅವರು ತಿರುಗಿ ಗೋಡೆಯ ಕಡೆ ನೋಡಿದರು. ಪೇಟೆ ಓಣಿಯ ಪತ್ರ ಬರೆದವರು ಅವರೇ. ಅದನ್ನು ಚೌಕಟ್ಟು ಹಾಕಿಸಿ ಅವರ ಕುರ್ಚಿಯ ಹಿಂದೆ ನೇತುಹಾಕಿದ್ದರು. ಕೊನೆಗೆ ಮೊಹರನ್ನು ಡಬ್ಬಿಗೆ ಹಾಕಿ, “ಗುರುವಾರ ಇವತ್ತು. ಶನಿವಾರ ಮಧ್ಯಾಹ್ನದ ತನಕ ಟೈಮಿದೆ. ಇಪ್ಪತ್ ಮನೆ ನಿಮ್ದು, ಇಪ್ಪತ್ ಮನೆ ನಂದು,” ಅಂದರು.

ಮನೆ ಕಟ್ಟುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಒಂದು ಮನೆ ಅಂದ ಮೇಲೆ ಪಕ್ಕದ ಮನೆ ಬೇಕು. ಪಕ್ಕದ ಮನೆ ಅಂದ ಮೇಲೆ ಯಾರು ಯಾರ ಮನೆಗೆ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗುತ್ತಾರೆ, ಯಾರು ಬಾಗಿಲಲ್ಲೇ ನಿಂತು ಕೈಬೀಸುತ್ತಾರೆ ಎಂದು ಗೊತ್ತಿರಬೇಕು. ನಾನು ಗೋವಿಂದನಿಗೆ ಮೂಲೆಮನೆ ಕೊಟ್ಟೆ, ಒಬ್ಬ ಮಾವನನ್ನು ಕೊಟ್ಟೆ, ಮಧ್ಯಾಹ್ನದ ನಿದ್ದೆ ಕೊಟ್ಟೆ. ಬೇಗ ಉತ್ತರಿಸುತ್ತಾನೆ ಎಂಬುದನ್ನು ಹೊಡೆದುಹಾಕಿದೆ. ಇನ್ನೊಂದು ಮೇಜಿನಲ್ಲಿ ರುದ್ರೇಶಪ್ಪನವರು ಮೊದಲ ದಿನ ಲೊಚಗುಟ್ಟುತ್ತಾ ಬರೆದರು. ಎರಡನೆಯ ದಿನ ಊಟಕ್ಕೆ ಕರೆದರೂ ಏಳಲಿಲ್ಲ.

“ನಾಗವೇಣಿಗೂ ಶಂಕ್ರಣ್ಣಂಗೂ ಒಂದೇ ಗೋಡೆ ಕೊಟ್ಟಿದೀನಿ,” ಅಂದರು ನನ್ನ ಕಡೆ ನೋಡದೆ. “ಎಂಟು ವರ್ಷದಿಂದ ಮಾತಿಲ್ಲ. ಚರಂಡಿ ವಿಷ್ಯ.”

“ಯಾಕೆ ಸರ್, ಸುಮ್ನೆ ಜಗಳ ತಂದಿಡ್ತೀರಿ?”

“ಜಗಳ ಇಲ್ದೆ ಇರೋ ಓಣಿ ಎಲ್ಲಾದ್ರೂ ನೋಡಿದೀರೇನ್ರಿ? ನಮ್ಮನೆ ಪಕ್ಕದೋನು...” ಎಂದವರು ಅಲ್ಲಿಗೇ ನಿಲ್ಲಿಸಿ ಮತ್ತೆ ಬರೆಯತೊಡಗಿದರು.

ಶನಿವಾರ ಬೆಳಿಗ್ಗೆ ಮೊದಲು ಪೇಟೆ ಓಣಿಯ ಪತ್ರವನ್ನೇ ಓಡಿಸಿದೆವು. ಹಾಗೆಂದು ಅವರೇ ಹೇಳಿದರು. ಹರಿಕಾರ ಎಂದಿನಂತೆ ಚುರುಕು, ಹತ್ತೂ ಸುದ್ದಿಯನ್ನು ಹತ್ತು ಕ್ಷಣದಲ್ಲಿ ಗುಂಪಿಗೆ ಹಾಕಿದ. ಆದರೆ ಈಗ ಸುಳ್ಳೋಣಿಯಲ್ಲಿ ಜನರಿಗೆ ಮನೆಗಳಿದ್ದವು, ನಾಲ್ವರಿಗೆ ಎದೆಗೆ ತಾಗುವ ಸುದ್ದಿ ಬೀದಿಯಲ್ಲೇ ಸಿಕ್ಕಿತು. ರತ್ನಮ್ಮ ತಮ್ಮನ ಸುದ್ದಿಯನ್ನು ಬಾವಿಕಟ್ಟೆಯ ಹತ್ತಿರ ನಿಂತು ಓದಿದಳು. ‘ನಾನು ಹೊರಗಿದ್ದೆ, ಯಾರೂ ನನ್ನನ್ನು ಒಳಗೆ ಕರೆಯಲಿಲ್ಲ’ ಎಂದು ಅವಳು ಗುಂಪಿನಲ್ಲಿ ಬರೆದಳು. ಉದ್ದುದ್ದ ಬರೆಯುತ್ತಿದ್ದ ರತ್ನಮ್ಮ ಆಮೇಲೆ ಏನೂ ಬರೆಯಲಿಲ್ಲ.

ರುದ್ರೇಶಪ್ಪನವರು ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಬೀದಿಯಲ್ಲಿ ನಿಂತು ಏನೋ ಹೇಳಿಕೊಳ್ಳುತ್ತಿದ್ದರು. ಹೊರಗೆ ಆಡಿದ್ದು ಅವರಿಗೂ ಕೇಳಿಸುವುದಿಲ್ಲ, ಅದಕ್ಕೇ ಹೋಗಿದ್ದರೇನೋ. ಒಳಗೆ ಬಂದು, “ಬರ್ಕೊಳ್ಳಿ. ಆರು,” ಅಂದರು.

ಆಮೇಲೆ ಹಾಲಮ್ಮನವರ ಪತ್ರ. ಮನೆಗಳು ಸಿಕ್ಕಿದ್ದೇ ತಡ ಹರಿಕಾರನಿಗೆ ಎಲ್ಲಿಲ್ಲದ ಹುರುಪು. ನಾಳೆ ನೀರು ಬರುವುದಿಲ್ಲ ಎಂಬುದನ್ನು ಗುಂಪಿಗೆ ಹಾಕದೆ ನಲವತ್ತು ಮನೆಗೂ ಜನರನ್ನು ಅಟ್ಟಿದ. ಸುಳ್ಳೋಣಿಯ ಬೀದಿಯೆಲ್ಲ ಒಬ್ಬರ ಮನೆಗೊಬ್ಬರು ಹೊರಟವರಿಂದ ತುಂಬಿಹೋಗಿ, ಯಾರ ಮನೆಯಲ್ಲೂ ಯಾರೂ ಇಲ್ಲದಂತಾಯಿತು. ಸೊನ್ನೆ. ಮೇಕೆಯ ಪ್ರಶ್ನೆಯಲ್ಲೂ ಸೊನ್ನೆ. ಚರಂಡಿ ಬಳಿಯುವ ದಿನಕ್ಕೆ ಮತ ಕೇಳಬೇಕಾದಲ್ಲಿ ಎಲ್ಲರನ್ನೂ ಗೋವಿಂದನ ಮಾವನ ಮನೆಗೆ ಕಳಿಸಿದ. ಅದೂ ಹೋಯಿತು. ಆದರೆ ತಮ್ಮನ ಅಪಘಾತ, ಮುರಿದ ನಿಶ್ಚಿತಾರ್ಥ, ಗುಂಪಿನಲ್ಲಿ ಬೈಸಿಕೊಂಡ ಮುದುಕ, ಅವೆಲ್ಲ ಒಂದೊಂದಾಗಿ ಬಾಗಿಲು ದಾಟಿ ಒಳಗೆ ಹೋದವು. ಗೋವಿಂದ ನಿದ್ದೆಯಿಂದೆದ್ದು ಗೊಣಗಿದ, ಆದರೆ ಹೋದ. ಒಂಬತ್ತಕ್ಕೆ ಆರಾಯಿತು.

ಹತ್ತನೆಯದು: ನಾಗವೇಣಿಯ ಗಂಡನ ಕೈ ಮಗ್ಗಕ್ಕೆ ಸಿಕ್ಕಿದೆ, ಆಸ್ಪತ್ರೆಗೆ ಒಯ್ದಿದ್ದಾರೆ, ಹೆಂಡತಿಗೆ ತಿಳಿಸು.

ಪಟ್ಟಿಯ ಪ್ರಕಾರ ಹೋಗಬೇಕಾದವನು ಗೋಡೆಯಾಚೆಯ ಶಂಕ್ರಣ್ಣ. ಹರಿಕಾರ ಕೇಳಿದ. ಶಂಕ್ರಣ್ಣ ಬರೆದ: ‘ನಮಗೂ ಅವರಿಗೂ ಮಾತಿಲ್ಲ.’

“ಹೋಗಲ್ಲ ಅವ್ನು,” ಅಂದರು ರುದ್ರೇಶಪ್ಪನವರು. ಅವರ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ.

ಹರಿಕಾರ ಇನ್ನೊಂದು ಸಲ ಕೇಳಿದ: ‘ಗೊತ್ತು. ನಾಗವೇಣಿಯವರ ಗಂಡನಿಗೆ ಏಟಾಗಿದೆ. ಅವರು ಒಬ್ಬರೇ ಇದ್ದಾರೆ. ಇವತ್ತು ಹೋಗಿ.’

ಗಡಿಯಾರದಲ್ಲಿ ಪ್ರಶ್ನೆಯ ಸಮಯ ಇಳಿಯುತ್ತಿತ್ತು. ನಾಲ್ಕು ನಿಮಿಷ. ಎರಡು. ನಾನು ಲೇಖನಿ ಹಿಡಿದುಕೊಂಡೇ ಕೂತಿದ್ದೆ. ‘ಆಯಿತು’ ಎಂಬ ಕಡೆ ಗುರುತು ಹಾಕಬೇಕೆಂದು ನನ್ನ ಕೈಗೆ ಬಹಳ ಆಸೆ ಇತ್ತು, ಅದಕ್ಕೇ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡೆ.

‘ಹೋದೆ,’ ಎಂದು ಶಂಕ್ರಣ್ಣ ಬರೆದ. ಸ್ವಲ್ಪ ತಡೆದು ಇನ್ನೊಂದು ಬಂತು: ‘ಆಸ್ಪತ್ರೆಗೆ ನಾನೂ ಜೊತೆಗೆ ಹೊರಟಿದ್ದೇನೆ.’

“ನಾನ್ ಹಂಗೆ ಬರ್ದಿರ್ಲಿಲ್ಲ,” ಅಂದರು ರುದ್ರೇಶಪ್ಪನವರು.

“ಮಾತಿಲ್ಲ ಅಂತ ಬರ್ದಿದ್ರಿ ಸರ್. ಹೋಗಲ್ಲ ಅಂತ ಬರ್ದಿರ್ಲಿಲ್ಲ.”

ಅವರು ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ‘ಉತ್ತೀರ್ಣ’ ಮೊಹರನ್ನು ಹುಡುಕಿ ಒತ್ತಿದರು. ಅದು ವಕ್ರವಾಗಿ ಬಿತ್ತು. ಸರಿಪಡಿಸಲಿಲ್ಲ. ಪೇಟೆ ಓಣಿಯ ಪತ್ರವನ್ನು ಚೌಕಟ್ಟಿನಿಂದ ಬಿಚ್ಚಿ, ಮಡಚಿ, ಜೇಬಿಗಿಟ್ಟುಕೊಂಡು ಮನೆಗೆ ಹೋದರು.

ಸೋಮವಾರ ಬಸ್ ನಿಲ್ದಾಣಕ್ಕೆ ಹೋದೆ. ಹಾಲಮ್ಮನವರು ಆಗಲೇ ಬಸ್ಸಿನೊಳಗೆ ಕಿಟಕಿ ಪಕ್ಕ ಕೂತಿದ್ದರು, ತೊಡೆಯ ಮೇಲೆ ಬಾಣಂತಿ ಖಾರದ ಡಬ್ಬ. ನಾನು ಒಳಗೆ ಹತ್ತಿ ಪತ್ರದ ನಕಲು ಕೊಟ್ಟೆ.

“ಏಳಾ?” ಅಂದರು. “ನಾನೇನೋ ಹತ್ತು ಬರುತ್ತೆ ಅನ್ಕೊಂಡಿದ್ದೆ.”

“ನೀರಿನ ವಿಷ್ಯಕ್ಕೆ ನಲವತ್ ಜನಾನ ಓಡಾಡ್ಸಿಬಿಟ್ಟ.”

“ಅಯ್ಯೋ ಪೆದ್ದಪ್ಪ! ಹೋಗ್ಲಿ ಬಿಡು, ನಾನೂ ಮೊದಲ್ನೇ ವರ್ಷ ಹಂಗೇ ಮಾಡಿದ್ದೆ.” ನನ್ನ ಕೈ ಹಿಡಿದು ಅದುಮಿದರು. ಅವರ ಬೆರಳುಗಳ ನೀಲಿ ನನಗೆ ಹತ್ತಲಿಲ್ಲ, ಅದು ಹಳೆಯ ನೀಲಿ.

ಕಂಡಕ್ಟರ್ ನನ್ನನ್ನು ಇಳಿಸಿದ. ಬಸ್ಸು ಒಂದು ಎತ್ತಿನ ಗಾಡಿಯ ಹಿಂದೆ ಸಿಕ್ಕಿಕೊಂಡು ನಿಧಾನವಾಗಿ ಊರ ಗಡಿಯ ಕಲ್ಲಿನ ಕಡೆ ಹೊರಟಿತು. ನಾನು ತಿರುಗುವವಳಿದ್ದೆ, ಅಷ್ಟರಲ್ಲಿ ಹಾಲಮ್ಮನವರು ಪತ್ರವನ್ನು ಎತ್ತಿ ಹಿಡಿದು ಕಿಟಕಿಯಿಂದ ಏನೋ ಕೂಗುತ್ತಿರುವುದು ಕಂಡಿತು. ಬಾಯಿ ಕಾಣುತ್ತಿತ್ತು, ದನಿ ಇಲ್ಲ. ಬಸ್ಸಿನ ಹಿಂದೆ ನಡೆದೆ. ಆಮೇಲೆ ಓಡಿದೆ. ಬಸ್ಸು ಕಲ್ಲು ದಾಟಿತು, ಅದರ ಹಿಂದೆ ನಾನೂ ದಾಟಿದೆ. ಬಯಲಿನಲ್ಲಿ, ಆಕಾಶದ ಕೆಳಗೆ, ಮೂವತ್ತು ಮಾರು ದೂರದಿಂದ ಮನುಷ್ಯರೊಬ್ಬರ ದನಿ ಗಾಳಿಯಲ್ಲಿ ಬಂದು ನನ್ನನ್ನು ಮುಟ್ಟಿತು. ಹಾಗೆ ಆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

“ಮೂವತ್ತೊಂದ್ ಮನೆ ಬರ್ದಿದೀನಿ ತಂಗಿ! ನಮ್ಮನೇದು ಬರ್ದೇ ಇಲ್ಲ! ನಮ್ಮೋರಿಗೆ ಯಾರ್ ಹೋಗಿ ಹೇಳ್ಬೇಕು ಅಂತ ಬರ್ದೇ ಇಲ್ಲ!”

ಹತ್ತೊಂಬತ್ತು ವರ್ಷ ಎಲ್ಲರ ಮನೆಗೂ ಯಾರನ್ನು ಕಳಿಸಬೇಕೆಂದು ಯೋಚಿಸಿದವರಿಗೆ, ತಮ್ಮ ಮನೆಗೂ ಒಂದು ಸುದ್ದಿ ಬರಬಹುದು ಎಂಬುದು ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ. ಸುಳ್ಳೋಣಿಯ ನಲವತ್ತು ಮನೆ ಎಣಿಸಿದವಳು ಬಣ್ಣಗಾರರ ಓಣಿಯ ಮನೆಗಳನ್ನು ಎಣಿಸಿರಲಿಲ್ಲ.

“ನಾನ್ ಹೋಗ್ತೀನಿ!” ಎಂದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ಗಾಡಿಯ ಎತ್ತುಗಳು ಬೆದರಿದವು. “ನಾನೇ ಹೋಗ್ತೀನಿ ಹಾಲಮ್ಮಾರೇ!”

ಪಾಸಾದ ಪತ್ರಕ್ಕೆ ಒಂದಕ್ಷರ ಸೇರಿಸಿದರೂ ಮತ್ತೆ ಹತ್ತು ಪ್ರಶ್ನೆ ಓಡಿಸಬೇಕು, ಅದು ಮೂರು ಅವಕಾಶದ ಲೆಕ್ಕಕ್ಕೆ ಬರುವುದಿಲ್ಲ. ಓಡಿಸಿದೆ. ಈ ಸಲ ನೀರಿನ ಬಗ್ಗೆಯೂ ಒಂದು ಸಾಲು ಸೇರಿಸಿದ್ದೆ. ಎಂಟು ಬಂತು. ಪಟ್ಟಿಯ ಕೊನೆಯಲ್ಲಿ ಹೊಸ ಸಾಲು: ಗುರುಬಸಪ್ಪನವರ ಮನೆಗೆ, ಶರ್ವಾಣಿ.

ಹನ್ನೆರಡನೆಯ ದಿನ ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಫೋನು ನಡುಗಿತು. ಬಣ್ಣಗಾರರ ಓಣಿಯ ಹರಿಕಾರ ನನ್ನೊಬ್ಬಳಿಗೇ ಬರೆದಿದ್ದ. ಓದಿದೆ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಓಣಿಯಲ್ಲಿ ಕೆಂಪು, ಹಳದಿ ಲಡಿಗಳು ಎರಡೂ ಕಡೆ ಒಣಗುತ್ತಿದ್ದವು, ನಡುವೆ ತಲೆ ಬಗ್ಗಿಸಿಕೊಂಡು ನಡೆಯಬೇಕು. ಹಾಲಮ್ಮನವರ ಗಂಡ ಗುರುಬಸಪ್ಪನವರು ಪಡಸಾಲೆಯಲ್ಲಿ ಒಲೆಯ ಮುಂದೆ ಕೂತು ಬಣ್ಣದ ಹಂಡೆ ಕಲಕುತ್ತಿದ್ದರು. ನಾನು ಬಾಗಿಲಿಗೆ ಬಂದು ನಿಂತದ್ದನ್ನು ನೋಡಿ ಕೋಲು ಬಿಟ್ಟು ಎದ್ದರು. ಅವರ ಮುಖದ ಬಣ್ಣ ಇಳಿಯಿತು. ಈ ಓಣಿಯಲ್ಲಿ ಹೊರಗಿನವರು ಹೀಗೆ ಬಾಗಿಲಿಗೆ ಬಂದು ನಿಲ್ಲುವುದು ಎಂಥ ಸುದ್ದಿಗೆ ಎಂದು ಅವರಿಗೆ ಗೊತ್ತಿತ್ತು. ನಾನು ಹೊರಗಿನಿಂದಲೇ ನಗಲು ನೋಡಿದೆ, ಅದು ಅವರಿಗೆ ಸಾಲಲಿಲ್ಲ. ಒಂದೇ ಹೆಜ್ಜೆಗೆ ಹೊಸ್ತಿಲು ದಾಟಿದೆ.

“ಹೆಣ್ಣು ಮಗು,” ಅಂದೆ. “ಬೆಳಿಗ್ಗೆ ಹತ್ತೂವರೆಗೆ. ದಾಕ್ಷಾಯಣಿ ಚೆನ್ನಾಗಿದಾರೆ, ಕೂಸೂ ಚೆನ್ನಾಗಿದೆ. ಹಾಲಮ್ಮಾರು ಎತ್ಕೊಂಡಿದಾರಂತೆ. ಅದು ಅಳೋದು ಮೂರನೇ ಮನೆಗೂ ಕೇಳುತ್ತಂತೆ.”

ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಗುರುಬಸಪ್ಪನವರು ಅದರ ಉರಿ ತಗ್ಗಿಸಿ, ಹಸಿ ಕೈ ಪಂಚೆಗೆ ಒರೆಸಿಕೊಂಡು, ನನ್ನ ಎದುರಿಗೆ ಬಂದು ನೆಟ್ಟಗೆ ನಿಂತರು.

“ಇನ್ನೊಂದ್ಸಲ ಹೇಳಮ್ಮ,” ಅಂದರು.